ಅಮ್ಮನಿಗೆ ಸಬ್‌ಟೈಟಲ್ ಓದಿದ ರಾತ್ರಿ

ಕೊನೆ ಗೊತ್ತಿರುವ ಪತ್ತೇದಾರಿ ಕಾದಂಬರಿಯ ಸಿನಿಮಾ ನೋಡುವುದು ಅಂದರೆ, ಮದುವೆಮನೆಯಲ್ಲಿ ಉಂಡು ಕೈತೊಳೆದು ಮತ್ತೆ ಎರಡನೇ ಪಂಕ್ತಿಗೆ ಕೂತ ಹಾಗೆ. ಹಸಿವು ಇರುವುದಿಲ್ಲ. ಬಡಿಸುವವರ ತಪ್ಪು ಹುಡುಕುವುದೊಂದೇ ಕೆಲಸ.

ನಾನು ಹಾಗೆ ಕೂತದ್ದು ಕೀಗೊ ಹಿಗಾಶಿನೊನ 'ದ ಡಿವೋಶನ್ ಆಫ್ ಸಸ್ಪೆಕ್ಟ್ ಎಕ್ಸ್' ಕಾದಂಬರಿಯ ಸಿನಿಮಾಗೆ. ಜಪಾನಿನಲ್ಲಿ ಪುಸ್ತಕ ಬಂದದ್ದು 2005ರಲ್ಲಿ, ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಸಿನಿಮಾ ಇವೆರಡರ ಮಧ್ಯೆ, 2008ರದ್ದು, ಹಿರೋಶಿ ನಿಶಿತಾನಿ ನಿರ್ದೇಶನ. ಪುಸ್ತಕವನ್ನು ಮೂರು ಸಲ ಓದಿದ್ದೆ. ಸಿನಿಮಾವನ್ನು ಮಾತ್ರ ಬೇಕಂತಲೇ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಕೊನೆಗೊಂದು ಶನಿವಾರ ರಾತ್ರಿ ಧೈರ್ಯ ಮಾಡಿ ಹಚ್ಚಿದೆ. ಅಷ್ಟರಲ್ಲಿ ಅಮ್ಮ ಹುರುಳಿಕಾಯಿ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಇದ್ಯಾವ ಭಾಷೆನೋ?"

"ಜಪಾನಿ. ಕೆಳಗೆ ಇಂಗ್ಲಿಷಲ್ಲಿ ಬರುತ್ತೆ. ನಾನು ಹೇಳ್ತಾ ಹೋಗ್ತೀನಿ ಬಿಡು."

ಹೇಳ್ತೀನಿ ಅಂದದ್ದು ಎಷ್ಟು ದೊಡ್ಡ ತಪ್ಪು ಅಂತ ಐದೇ ನಿಮಿಷದಲ್ಲಿ ಗೊತ್ತಾಯಿತು.

ಕಥೆಯ ಶುರು ಹೇಳಿದರೆ ಯಾರ ಮಜಾನೂ ಹಾಳಾಗುವುದಿಲ್ಲ, ಲೇಖಕನೇ ಅದನ್ನು ಮುಚ್ಚಿಟ್ಟಿಲ್ಲ. ಟೋಕಿಯೋದಲ್ಲಿ ಯಾಸುಕೊ ಅಂತ ಒಬ್ಬಳು, ಬೆಂತೊ ಅಂದರೆ ಡಬ್ಬಿ ಊಟ ಮಾರುವ ಅಂಗಡಿಯಲ್ಲಿ ಕೆಲಸ. ವಿಚ್ಛೇದನ ಆದ ಗಂಡ ದುಡ್ಡಿಗಾಗಿ ಮನೆಗೆ ಬಂದು ಕಾಟ ಕೊಡುತ್ತಾನೆ. ಅವಳೂ ಮಗಳೂ ಸೇರಿ ಅವನನ್ನು ಕೊಂದುಬಿಡುತ್ತಾರೆ. ಗೋಡೆಯಾಚೆ ಇರುವ ಇಶಿಗಾಮಿ ಅನ್ನುವ ಲೆಕ್ಕದ ಮೇಷ್ಟ್ರು ಬಾಗಿಲು ತಟ್ಟಿ, ಇದನ್ನು ನನಗೆ ಬಿಡಿ ಅನ್ನುತ್ತಾನೆ.

"ಯಾರು ಕೊಂದರು ಅಂತ ಗೊತ್ತಾಯ್ತಲ್ಲ, ಇನ್ನೇನಿದೆ ನೋಡೋಕೆ?" ಅಂದಳು ಅಮ್ಮ. ಅವಳ ಧಾರಾವಾಹಿಗಳಲ್ಲಿ ಇದು ಗೊತ್ತಾಗಲು ಎರಡು ವರ್ಷ ಹಿಡಿಯುತ್ತದೆ. "ಸುಮ್ನೆ ನೋಡಮ್ಮ" ಅಂದೆ. ಆಮೇಲೆ ಆ ರಾತ್ರಿ ಇಡೀ ಈ ಮಾತನ್ನು ಎಷ್ಟು ಸಲ ಹೇಳಿದೆನೋ.

ನನ್ನ ತಕರಾರು ಬೇರೆ ಇತ್ತು. ಪುಸ್ತಕದ ಇಶಿಗಾಮಿ ದಪ್ಪಗಿದ್ದಾನೆ, ಗುಂಡು ಮುಖ, ಸಣ್ಣ ಕಣ್ಣು, ತೆಳ್ಳಗಾದ ಕೂದಲು. ನಾನು ಅವನಿಗೆ ನಮ್ಮ ಹೈಸ್ಕೂಲಿನ ಲೆಕ್ಕದ ಮೇಷ್ಟ್ರ ಮುಖ ಕೊಟ್ಟಿದ್ದೆ. ಅಂಗಿ ತೋಳಿನ ಮೇಲಿನ ಸೀಮೆಸುಣ್ಣದ ಸಮೇತ. ಸಿನಿಮಾದಲ್ಲಿ ನೋಡಿದರೆ ಶಿನಿಚಿ ತ್ಸುತ್ಸುಮಿ! ಎತ್ತರದ ಆಳು, ಲಕ್ಷಣವಾದ ಮುಖ. ಬೆನ್ನು ಬಾಗಿಸಿ, ಕೂದಲು ಕೆದರಿಸಿ ನಿಲ್ಲಿಸಿದ್ದಾರೆ ನಿಜ, ಆದರೆ ರಾಜಕುಮಾರನಿಗೆ ಹರಿದ ಅಂಗಿ ಹಾಕಿದರೆ ಭಿಕ್ಷುಕ ಆಗ್ತಾನಾ? ಇವನ ತಲೆಯನ್ನು ತೆಗೆದು ನಮ್ಮ ಮೇಷ್ಟ್ರ ತಲೆ ಇಡುವುದರಲ್ಲೇ ಮೊದಲ ಅರ್ಧ ಗಂಟೆ ಹೋಯಿತು. ಅದರ ಮಧ್ಯೆ ಉತ್ಸುಮಿ ಅಂತ ಒಬ್ಬಳು ಹೆಣ್ಣು ಪೊಲೀಸ್ ಬಂದಳು. ಈ ಪುಸ್ತಕದಲ್ಲಿ ಅವಳಿಲ್ಲ, ಇದೇ ಲೇಖಕನ ಕಥೆಗಳ ಟೀವಿ ಸರಣಿಯಿಂದ ಬಂದವಳು. ಮುಂದೆ ಇಶಿಗಾಮಿಯೂ ಅವನ ಹಳೇ ಗೆಳೆಯ, ಪತ್ತೇದಾರಿ ಮಾಡುವ ಭೌತಶಾಸ್ತ್ರದ ಯುಕಾವಾನೂ ಹಿಮದ ಬೆಟ್ಟ ಹತ್ತಿದರು. ಬೆಟ್ಟವೂ ಪುಸ್ತಕದಲ್ಲಿಲ್ಲ. "ಇದೆಲ್ಲ ಸುಳ್ಳು ಕಣಮ್ಮ" ಅಂದೆ. "ಕಥೆ ಅಂದ ಮೇಲೆ ಎಲ್ಲಾ ಸುಳ್ಳೇ ಅಲ್ವಾ" ಅಂತ ಹುರುಳಿಕಾಯಿ ನಾರು ತೆಗೆದಳು.

ಒಂದು ವಿಷಯದಲ್ಲಿ ಮಾತ್ರ ಸಿನಿಮಾಗೆ ಕೈಮುಗಿದೆ. ಆ ಗಂಡನನ್ನು ಕೊಲ್ಲುವುದು ಕೊತಾತ್ಸುವಿನ ವೈರಿನಿಂದ. ಓದುವಾಗ ಈ ಕೊತಾತ್ಸು ಏನು ಅಂತ ಹುಡುಕುವ ವ್ಯವಧಾನವೇ ಇರಲಿಲ್ಲ, ಇಸ್ತ್ರಿಪೆಟ್ಟಿಗೆ ಥರದ್ದೇನೋ ಅಂದುಕೊಂಡು ಮುಂದೆ ಓಡಿದ್ದೆ. ಮೂರು ಸಲವೂ! ಅದು ನೋಡಿದರೆ ಗಿಡ್ಡ ಮೇಜು. ಕೆಳಗೆ ಹೀಟರ್, ಮೇಲೆ ರಜಾಯಿ, ಚಳಿಗಾಲದಲ್ಲಿ ಮನೆಮಂದಿಯೆಲ್ಲ ಅದರೊಳಗೆ ಕಾಲಿಟ್ಟು ಕೂತು ಉಣ್ಣುತ್ತಾರೆ. ಅಮ್ಮನಿಗೆ ಹೇಳಿದಾಗ "ಅಯ್ಯೋ, ಬಚ್ಚಲೊಲೆ ಮುಂದೆ ಕೂತ ಹಾಗೆ" ಅಂದಳು. ತಾಯಿ ಮಗಳು ಕಾಲು ಕಾಯಿಸಿಕೊಳ್ಳುವ ಜಾಗದ ವೈರು ಅದು. ಇಸ್ತ್ರಿಪೆಟ್ಟಿಗೆಯಲ್ಲಿ ಆ ಸಂಕಟ ಎಲ್ಲಿತ್ತು?

ಇನ್ನೊಂದು, ಕಿವಿಗೆ ಬಿದ್ದದ್ದು. ಮೇಷ್ಟ್ರು ಯಾಸುಕೊಳನ್ನು ಕರೆಯುವುದು 'ಹನಓಕಾ-ಸಾನ್' ಅಂತ. ಹನಓಕಾ ಮನೆತನದ ಹೆಸರು, ಸಾನ್ ಅನ್ನುವುದು ನಮ್ಮ 'ಅವರೇ' ಇದ್ದ ಹಾಗೆ. ಕೊಲೆ ಮುಚ್ಚಿಹಾಕುವಾಗಲೂ ಬಹುವಚನ. ಇಂಗ್ಲಿಷಿನಲ್ಲಿ ಎಲ್ಲರೂ 'ಯೂ'. ಅಮ್ಮನಿಗೆ ಹೇಳುವಾಗ ನನ್ನ ಬಾಯಲ್ಲಿ ತಾನೇ ತಾನಾಗಿ "ನೀವು ಹೆದರಬೇಡಿ" ಅಂತ ಬಂತು. ಆಗಲೇ ಹೊಳೆದದ್ದು: ನನ್ನ ಮೆಚ್ಚಿನ ಕಾದಂಬರಿ ಅಂತ ಇಷ್ಟು ದಿನ ಎದೆಗೆ ಒತ್ತಿಕೊಂಡಿದ್ದು ಜಪಾನಿಯೂ ಅಲ್ಲ, ಪೂರಾ ಇಂಗ್ಲಿಷೂ ಅಲ್ಲ. ಬೇರೆಯವರು ಇಂಗ್ಲಿಷ್ ಮಾಡಿದ್ದನ್ನು ನಾನು ಹೈಸ್ಕೂಲಿನ ಮೇಷ್ಟ್ರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿ ಮನೆಯಲ್ಲಿ ಕಲಸಿಕೊಂಡಿದ್ದೆ. ನಿಶಿತಾನಿ ಒಂದು ಬೆಟ್ಟ ಸೇರಿಸಿದ್ದಕ್ಕೆ ಹಾರಾಡುವ ನನ್ನದೇ ಈ ಕಥೆ!

ಕಷ್ಟವಾದದ್ದು ಬಾಯಿ ಮುಚ್ಚಿಕೊಳ್ಳುವುದು. ಮಧ್ಯದಲ್ಲೊಂದು ಮಾತಿದೆ. ಇಶಿಗಾಮಿ ಪರೀಕ್ಷೆಗೆ ಕೊಡುವ ಲೆಕ್ಕ ನೋಡಲು ರೇಖಾಗಣಿತದ್ದು, ನಿಜದಲ್ಲಿ ಬೀಜಗಣಿತದ್ದು. ಇಡೀ ಕಥೆಯ ಕೀಲಿ ಅದು. ಅದನ್ನು ಏನೂ ಗೊತ್ತಿಲ್ಲದವನ ಹಾಗೆ ಹೇಳಬೇಕು. ಹೇಳಿದೆ. ನನ್ನ ದನಿಯಲ್ಲೇ ಏನೋ ಸಿಕ್ಕಿರಬೇಕು, ಅಮ್ಮ ನಾರು ತೆಗೆಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಪರದೆ ನೋಡಿ, "ಈ ಮನುಷ್ಯ ಅವಳ ಮುಖ ನೋಡಿ ಮಾತಾಡೋದೇ ಇಲ್ಲ ಕಣೋ. ಡಬ್ಬಿ ತಗೊಂಡು ತಲೆ ತಗ್ಗಿಸ್ಕೊಂಡು ಹೋಗ್ತಾನೆ, ಪಾಪ" ಅಂದಳು. ನಾನು ಕೆಳಗಿನ ಅಕ್ಷರ ಓದುತ್ತಿದ್ದೆ. ಮುಖ ನೋಡಿದ್ದು ಅವಳೊಬ್ಬಳೇ.

ಕೊನೆಯ ದೃಶ್ಯದಲ್ಲಿ ಮೇಷ್ಟ್ರು ಅಳುತ್ತಾನೆ. ಯಾಕೆ ಅಂತ ಹೇಳುವುದಿಲ್ಲ. ತ್ಸುತ್ಸುಮಿ ಆ ಅಳು ಅತ್ತಾಗ ನಮ್ಮ ಹೈಸ್ಕೂಲಿನ ಮೇಷ್ಟ್ರು ಎದ್ದು ಹೋದರು, ಮತ್ತೆ ಬರಲಿಲ್ಲ. ಕೆಳಗೆ ಅಕ್ಷರ ಬರುತ್ತಿತ್ತು, ನಾನು ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ.

ಇದೇ ಕಥೆ 2012ರಲ್ಲಿ ಕೊರಿಯಾದಲ್ಲಿ ಆಗಿದೆ, ಅಲ್ಲಿ ಆ ಭೌತಶಾಸ್ತ್ರದವನನ್ನೇ ತೆಗೆದುಬಿಟ್ಟಿದ್ದಾರೆ. 2017ರಲ್ಲಿ ಚೀನಾದಲ್ಲಿ ಆಯಿತು. 2023ರಲ್ಲಿ ಹಿಂದಿಯಲ್ಲಿ 'ಜಾನೇ ಜಾನ್' ಆಗಿ ಕಾಲಿಂಪಾಂಗಿಗೆ ಹೋಯಿತು. ಎಲ್ಲವನ್ನೂ ನೋಡಬೇಕು ಅಂದುಕೊಂಡಿದ್ದೇನೆ, ಬೈಯುವುದಕ್ಕಾದರೂ.

ಮಾರನೆಯ ದಿನ ಹಿತ್ತಲ ಕಾಂಪೌಂಡಿನ ಹತ್ತಿರ ಅಮ್ಮ ಪಕ್ಕದ ಮನೆಯವರಿಗೆ ಕಥೆ ಹೇಳುತ್ತಿದ್ದಳು. ಬೆಂತೊ ಅಂಗಡಿ ಮೆಸ್ ಆಗಿತ್ತು. ಯಾಸುಕೊ 'ಆ ಹುಡುಗಿ' ಆಗಿದ್ದಳು. ಹಿಮದ ಬೆಟ್ಟ ಇತ್ತು, ಇನ್ನೂ ಸ್ವಲ್ಪ ಎತ್ತರವಾಗಿಯೇ ಇತ್ತು.

"ಕೊನೆಗೆ ಆ ಮೇಷ್ಟ್ರಿಗೆ ಏನಾಯ್ತು?" ಅಂತ ಅವರು ಕೇಳಿದರು.

"ಏನಾಗುತ್ತೆ? ಬಿಟ್ಟು ಕಳಿಸಿದರು, ಪಾಪ" ಅಂದಳು ಅಮ್ಮ.

ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ತಿದ್ದಲು ಹೋಗಲಿಲ್ಲ.