ಭರಣಿಗೆ ಸುತ್ತಿದ ಫ್ಯಾಂಟಮ್

ನವನಗರದ ರದ್ದಿ ಅಂಗಡಿಯವನಿಗೆ ನಾನೊಂದು ಒಗಟು. ಊರವರೆಲ್ಲ ಅವನ ತಕ್ಕಡಿಗೆ ರದ್ದಿ ಹಾಕಿ ರೊಕ್ಕ ಇಸಿದುಕೊಂಡು ಹೋದರೆ ನಾನು ರೊಕ್ಕ ಕೊಟ್ಟು ರದ್ದಿ ಒಯ್ಯುತ್ತೇನೆ. ಅದೂ ಕಿಲೋಗಟ್ಟಲೆ ಅಲ್ಲ. ಕಟ್ಟುಗಳನ್ನೆಲ್ಲ ಬಿಚ್ಚಿಸಿ, ಮುಕ್ಕಾಲು ತಾಸು ಕುಕ್ಕರಗಾಲಿನಲ್ಲಿ ಕೂತು, ಕೊನೆಗೆ ಎರಡು ಹಾಳೆ. "ಸರ್, ಏನರ ಆಸ್ತಿ ಕಾಗದ ಕಳಕೊಂಡೀರೇನ್ರಿ?" ಎಂದು ಒಮ್ಮೆ ಕನಿಕರದಿಂದ ಕೇಳಿದ. ಹಳೇ ಪತ್ರಿಕೆಯ ಫ್ಯಾಂಟಮ್ ಚಿತ್ರಕತೆ ಹುಡುಕುತ್ತಿದ್ದೇನೆ ಎಂದು ಅರವತ್ತು ದಾಟಿದವನು ಯಾವ ಬಾಯಿಂದ ಹೇಳುವುದು? "ಹೂಂನಪಾ, ಅಂಥಾದ್ದ ಒಂದು" ಎಂದೆ.

ಈ ಚಟ ಹತ್ತಿದ್ದು ಹಳೇ ಬಾಗಲಕೋಟೆಯ ಮನೆಯಲ್ಲಿ. ಆಗ ನಮ್ಮ ಓಣಿಗೆಲ್ಲ ಸೇರಿ ಒಂದೇ 'ಸುಧಾ'. ಅದು ಹಿರಿಯರ ಕೈ, ಅಕ್ಕಂದಿರ ಕೈ ದಾಟಿ ನಮ್ಮ ತನಕ ಬರುವಷ್ಟರಲ್ಲಿ ಚಹಾದ ಎರಡು ಉಂಗುರ ತೊಟ್ಟಿರುತ್ತಿತ್ತು. ನಾವು ಹುಡುಗರು ನೇರ ಫ್ಯಾಂಟಮ್ ಪುಟಕ್ಕೆ ಹೋಗುತ್ತಿದ್ದೆವು. ಅದು ಎಷ್ಟು ಚೌಕ? ಮೂರು ನಿಮಿಷದ ಓದು. ಕೊನೆಯ ಚೌಕದಲ್ಲಿ ಬಂದೂಕು ಹಿಡಿದವನೊಬ್ಬ ಗುಹೆಯ ಬಾಯಲ್ಲಿ ನಿಂತರೆ ಮುಗಿಯಿತು, ಅವನು ಒಂದು ವಾರ ಅಲ್ಲೇ ನಿಂತಿರಬೇಕು. ನಾವು ಸಾಲಿಗೆ ಹೋಗಿ, ಗಣಿತದ ಮಾಸ್ತರರ ಕೈಯಲ್ಲಿ ಹೊಡೆಸಿಕೊಂಡು, ಜ್ವರ ಬಂದು ಬಿಟ್ಟು ಏಳುವ ತನಕವೂ ಅವನ ಬಂದೂಕು ಇಳಿಯುತ್ತಿರಲಿಲ್ಲ.

ಈಗ ಭೂತಗನ್ನಡಿ ಹಿಡಿದು ನೋಡಿದರೆ ನನಗೆ ಮೆಚ್ಚುಗೆಯಾಗುವುದು ಆ ಮಾತಿನ ಗುಳ್ಳೆಗಳಿಗೆ ಕನ್ನಡ ತುಂಬಿದವರ ಮೇಲೆ. ಗುಳ್ಳೆ ಇಂಗ್ಲಿಷಿನ ಅಳತೆಯದು. ನಮ್ಮ ಕ್ರಿಯಾಪದಕ್ಕೆ ರೈಲಿನ ಬಾಲ. ಸಾಲದ್ದಕ್ಕೆ ಒತ್ತಕ್ಷರಗಳು ನೆಲಮನೆಯಲ್ಲೂ ಜಾಗ ಕೇಳುತ್ತವೆ. ನನ್ನ ಒಂದು ಹಾಳೆಯಲ್ಲಿ 'ಕ್ಷ'ದ ಬಾಲವೊಂದು ಗೆರೆ ದಾಟಿ ಬಂದು ಖಳನಾಯಕನ ಹಣೆಗೆ ತಾಗಿದೆ. ಇನ್ನು ಆ ಭಾಷೆ! ಕಾಡಿನ ನಡುವೆ ನಿಂತು ಫ್ಯಾಂಟಮ್ ಆಡುತ್ತಿದ್ದುದು ಪಠ್ಯಪುಸ್ತಕದ ಕನ್ನಡ. ನಾವು ಆಟವಾಡುವಾಗ ಅದನ್ನು ದುರಸ್ತಿ ಮಾಡಿಕೊಳ್ಳುತ್ತಿದ್ದೆವು: "ಏ ಮಂಗ್ಯಾ, ಬಂದೂಕ ಕೆಳಗ ಇಡ್ತೀಯೋ, ಇಲ್ಲಾ ಉಂಗುರದ ತಲಿಬುರುಡಿ ಮುದ್ರಿ ದವಡಿಗೆ ಒತ್ಲ್ಯೋ?"

ಬಣ್ಣದ ಕತೆಯೂ ಹೀಗೇ. ಲೀ ಫಾಕ್ ಈ ಮುಸುಕಿನವನನ್ನು ಅಮೆರಿಕದ ಪತ್ರಿಕೆಗಳಿಗೆ ಇಳಿಸಿದ್ದು 1936ರ ಫೆಬ್ರವರಿ 17ರಂದು, ಬರೀ ಕಪ್ಪು-ಬಿಳುಪಿನಲ್ಲಿ. ಫಾಕ್‌ನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಹಾಗೇ ಉಳಿಯಿತು. ಸ್ವೀಡನ್ನಿನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು. ಬಾಗಲಕೋಟೆಯಲ್ಲಿ ಹಸಿರು. ಬಣ್ಣವಿಲ್ಲದ ಒಂದು ಹಾಳೆಗೆ ನಾನು ಮೂರನೇ ಇಯತ್ತೆಯಲ್ಲಿದ್ದಾಗ ಮೇಣದ ಕಡ್ಡಿಯಿಂದ ಬಳಿದದ್ದು. ಡಬ್ಬಿಯಲ್ಲಿ ಉಳಿದದ್ದು ಅದೊಂದೇ ಕಡ್ಡಿ. ಸೃಷ್ಟಿಕರ್ತನಿಗೇ ದಕ್ಕದ ಬಣ್ಣ ನನಗೆಲ್ಲಿ ದಕ್ಕೀತು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಹಾಳೆಗಳನ್ನು ಕತ್ತರಿಸಿ ಟ್ರಂಕಿನ ತಳಕ್ಕೆ ಹಾಕುತ್ತ ಬಂದೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಗುಂಟ ಏರಿ ಬಂದು ಹಳೇ ಊರು ಬಿಡುವ ಪಾಳಿ ನಮಗೆ ಬಂದಾಗ ನಾನು ನೌಕರಿಯ ಊರಿನಿಂದ ತಡವಾಗಿ ತಲುಪಿದೆ. ಅಷ್ಟರಲ್ಲಿ ಅವ್ವ ಸಾಮಾನು ಕಟ್ಟಿ ಮುಗಿಸಿದ್ದಳು. ಬಾಗಿಲ ಚೌಕಟ್ಟು, ತೊಲೆ, ಬೀಸುವ ಕಲ್ಲು ಎಲ್ಲ ಲಾರಿ ಏರಿದವು. ನವನಗರದ ಹೊಸ ಮನೆಯಲ್ಲಿ ಗಂಟು ಬಿಚ್ಚಿದರೆ ಉಪ್ಪಿನಕಾಯಿ ಭರಣಿಗಳ ಸುತ್ತ ಫ್ಯಾಂಟಮ್! ಗುರಾಣಿಯಂತೆ ಮೂರು ಪದರು. "ಭರಣಿ ಒಂದೂ ಒಡದಿಲ್ಲ ನೋಡು" ಎಂದಳು ಅವ್ವ, ಹೆಮ್ಮೆಯಿಂದ. ನಿಜ, ಒಂದೂ ಒಡೆದಿರಲಿಲ್ಲ. ಎಣ್ಣೆ ಹೀರಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಈಗಲೂ ಆಚೆ ಬದಿಯ ಅಕ್ಷರಗಳು ಕಾಣುತ್ತವೆ. ಮಾವಿನಕಾಯಿಯ ವಾಸನೆ ಮಾತ್ರ ಹೋಗಿದೆ.

ಆ ದಿನದಿಂದ ನಾನು ಬರೇ ಓದುಗನಾಗಿ ಉಳಿಯಲಿಲ್ಲ, ಕಾವಲುಗಾರನಾದೆ. ಸುದ್ದಿ ಕಾಗದವೆಂದರೆ ಕಟ್ಟಿಗೆ ಅರೆದ ತಿರುಳು. ಅದರಲ್ಲಿ ಉಳಿದುಹೋದ ಲಿಗ್ನಿನ್ ಗಾಳಿ-ಬೆಳಕು ಕಂಡರೆ ಹಳದಿಗೆ ತಿರುಗುತ್ತದೆ, ಹುಳಿ ಹೆಚ್ಚಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗಂತೂ ಕಾಗದವೇನು, ಮನುಷ್ಯನೇ ಹಪ್ಪಳ. ಹರಿದಲ್ಲಿ ಜಾಣತನದಿಂದ ಸೆಲ್ಲೋಟೇಪ್ ಹಚ್ಚಿದೆ. ನಾಲ್ಕು ವರ್ಷಕ್ಕೆ ಟೇಪು ಉದುರಿತು, ಅದರ ಕಂದು ಪಟ್ಟಿ ಸರಿಯಾಗಿ ಫ್ಯಾಂಟಮ್‌ನ ಕುದುರೆಯ ಹೊಟ್ಟೆಯ ಮೇಲೆ ಜೀನು ಬಿಗಿಯುವ ಪಟ್ಟಿಯಂತೆ ಉಳಿಯಿತು.

ಮನೆಯಲ್ಲಿ ಬೈಗುಳ ಬಿದ್ದಾಗಲೆಲ್ಲ ನಾನು ಸ್ಯಾನ್ ಫ್ರಾನ್ಸಿಸ್ಕೋದ ಬಿಲ್ ಬ್ಲ್ಯಾಕ್‌ಬಿಯರ್ಡ್‌ನ ಹೆಸರು ತೆಗೆಯುತ್ತೇನೆ. ಅಲ್ಲಿನ ಗ್ರಂಥಾಲಯಗಳು ಹಳೆಯ ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿ ಮೂಲ ಸಂಪುಟಗಳನ್ನು ಹೊರಗೆ ಹಾಕತೊಡಗಿದವು. ಫಿಲ್ಮು ಕಪ್ಪು-ಬಿಳುಪು, ಭಾನುವಾರದ ಬಣ್ಣದ ಪುಟಗಳ ಗತಿ ಏನು? ಈತ 1968ರಲ್ಲಿ ತನ್ನ ಮನೆಯನ್ನೇ ಸಂಸ್ಥೆ ಮಾಡಿ ಆ ಸಂಪುಟಗಳನ್ನು ತಂದು ತುಂಬಿದ. ಮೂವತ್ತು ವರ್ಷದ ಮೇಲೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಅದನ್ನು ಒಯ್ದಾಗ ಆರು ದೊಡ್ಡ ಲಾರಿ, 75 ಟನ್ ತೂಗಿತಂತೆ. "ನಂದು ಒಂದ ಟ್ರಂಕ" ಎನ್ನುತ್ತೇನೆ. "ಅಂವನೂ ಒಂದ ಟ್ರಂಕಿದ್ದಾಗ ಹೀಂಗ ಹೇಳಿರಬೇಕು" ಎನ್ನುತ್ತಾಳೆ ನನ್ನಾಕೆ.

ನನ್ನ ಅಳಿಯನದು ಬೇರೆ ತಕರಾರು. ಯಾವ ಕತೆಯೂ ನನ್ನ ಬಳಿ ಪೂರ್ತಿಯಿಲ್ಲ. ಎಲ್ಲೋ ಮೂರು ವಾರ, ಎಲ್ಲೋ ಐದು, ನಡುವೆ ಭರಣಿ ನುಂಗಿದ ಖಾಲಿ ಜಾಗ. "ಮಾಮಾ, ಮೊಬೈಲಿನ್ಯಾಗ ಇಡೀ ಕತಿ ಐತಿ, ತಗದು ಕೊಡ್ಲೇನು?" ಎಂದ. ಬೇಡವೆಂದೆ. ಗುಹೆಯ ಬಾಯಲ್ಲಿ ನಿಂತ ಆ ಬಂದೂಕಿನವನು ಐವತ್ತು ವರ್ಷದಿಂದ ನಿಂತಿದ್ದಾನೆ. ಈಗ ಒಮ್ಮೆಲೇ ಗುದ್ದು ತಿನ್ನಿಸಲು ನನಗೇ ಮನಸ್ಸಿಲ್ಲ.

ಆ ಹಾಳೆಯನ್ನೇ ಹೋದ ವರ್ಷ ಫೋಟೋ ಕಟ್ಟು ಹಾಕುವವನ ಬಳಿ ಒಯ್ದೆ. ಅದರ ಹಿಂಬದಿಗೆ ಅಕ್ಕ ನೀಲಿ ಶಾಯಿಯಲ್ಲಿ ತುಂಬಿದ ಪದಬಂಧವಿದೆ. ಯಾವುದನ್ನು ಗೋಡೆಗೆ ತಿರುಗಿಸುವುದು? ಎರಡೂ ಬದಿಗೆ ಕಾಜು ಹಾಕು ಎಂದೆ. "ಗ್ವಾಡಿಗೆ ಹೆಂಗ ಹಾಕ್ತೀರಿ ಸರ್?" ಎಂದು ಅವನು ಕೇಳಿದ್ದು ನ್ಯಾಯವೇ. ತಂದು ಎರಡು ತಿಂಗಳು ಟ್ರಂಕಿಗೆ ಆನಿಸಿಟ್ಟೆ. ಕಡೆಗೆ ಪಡಸಾಲೆಯ ಜೋಕಾಲಿ ಕೊಂಡಿಗೆ ದಾರ ಕಟ್ಟಿ ಇಳಿಬಿಟ್ಟೆ. ಗಾಳಿ ಬಂದಾಗ ಅದು ತಿರುಗುತ್ತದೆ. ಒಮ್ಮೆ ಫ್ಯಾಂಟಮ್, ಒಮ್ಮೆ ಅಕ್ಕ.

ಪಂಚಮಿಗೆ ಅಕ್ಕ ಬಂದಳು. ಜೋಕಾಲಿ ಕಟ್ಟಲು ಅದನ್ನು ಬಿಚ್ಚಬೇಕಾಯಿತು. ಕೈಗೆ ತೆಗೆದುಕೊಂಡವಳು ಚಾಳೀಸು ಏರಿಸಿ ಬಹಳ ಹೊತ್ತು ನೋಡಿದಳು. ಕಣ್ಣು ತುಂಬೀತೆಂದು ನಾನು ಕಾಯುತ್ತಿದ್ದರೆ, "ಅಯ್ಯ, ಏಳನೇದ್ದು ತಪ್ಪ ಬರದೀನಲ್ಲೋ. ಈ ಕಾಜ ತಗೀ, ಪೆನ್ನ ಕೊಡಿಲ್ಲೆ" ಎಂದಳು.