ಐದು ಫ್ರಾಂಕಿನ ಬೇಜಾರು

ನಮ್ಮ ಷಡ್ಡಕರು ಯುರೋಪ್ ಟೂರ್ ಮುಗಿಸಿ ಬಂದರು. 12 ದಿನ, 9 ದೇಶ. ತಿರುಗಿದ್ದು ಅವರು, ಸುಸ್ತಾಗಿದ್ದು ನಾನು. ಸ್ವಿಟ್ಜರ್ಲೆಂಡಿನಲ್ಲಿ ಇದ್ದ ಎರಡೇ ದಿನದಲ್ಲಿ ಅವರು 63 ಸ್ಟೇಟಸ್ ಹಾಕಿದರು. ಅವರ ಹೆಸರಿನ ಪಕ್ಕದ ಹಸಿರು ಬಳೆ ಚುಕ್ಕಿ ಚುಕ್ಕಿಯಾಗಿ, ಹೊಲಿಗೆ ಮಿಷನ್ ಓಡಿಸಿದ ಹಾಗೆ ಕಾಣುತ್ತಿತ್ತು.

ಅದರಲ್ಲಿ ಒಂದು ಫೋಟೋ ಕಣ್ಣಿಗೆ ಕಟ್ಟಿದೆ. ಯುಂಗ್‌ಫ್ರಾವ್‌ಯೋಖ್, 3,454 ಮೀಟರ್ ಎತ್ತರ. ಷಡ್ಡಕರು ಕಂದು ಮಂಕಿ ಕ್ಯಾಪ್ ಹಾಕಿದ್ದಾರೆ. ಒಂದು ಕೈಯಲ್ಲಿ ಟೂರಿನವರು ಕೊಟ್ಟ ಪುಳಿಯೋಗರೆ ಪೊಟ್ಟಣ, ಇನ್ನೊಂದು ಕೈ ಹೆಬ್ಬೆರಳು ಎತ್ತಿದೆ. ಹಿಂದೆ ಅಲೆಚ್ ಹಿಮನದಿ. ಇಡೀ ಆಲ್ಪ್ಸ್‌ನಲ್ಲಿ ಇದಕ್ಕಿಂತ ಉದ್ದದ್ದು ಇಲ್ಲ, 20 ಕಿಲೋಮೀಟರ್. ಷಡ್ಡಕರ ಕಿವಿಗೂ ಭುಜಕ್ಕೂ ನಡುವೆ ಅದು ಎರಡು ಇಂಚು ಕಾಣುತ್ತದೆ.

"ನೋಡ್ರೀ, ಭಾವ ಎಷ್ಟು ಖುಷಿಯಾಗಿದ್ದಾರೆ" ಅಂದಳು ಹೆಂಡತಿ. ಅದರ ಅರ್ಥ ಷಡ್ಡಕರ ಖುಷಿ ಅಲ್ಲ ಅಂತ ಮದುವೆಯಾದವರಿಗೆಲ್ಲ ಗೊತ್ತು.

ಆ ರಾತ್ರಿ ನನಗೆ ಬೆರ್ಗ್ಯೂನ್ ನೆನಪಾಯಿತು. ಆ ಸುದ್ದಿ ನೀವೂ ಓದಿರುತ್ತೀರಿ, ನಕ್ಕು ಮರೆತಿರುತ್ತೀರಿ. ಸ್ವಿಟ್ಜರ್ಲೆಂಡಿನ ಪೂರ್ವ ಮೂಲೆಯ ಗ್ರೌಬ್ಯುಂಡನ್ ಪ್ರಾಂತ್ಯ, ಅಲ್ಬುಲಾ ಕಣಿವೆ. ಸುಮಾರು 500 ಜನರ ಊರು. ಗೋಡೆಗಳ ಮೇಲೆ ಗಾರೆ ಕೆರೆದು ಬಿಡಿಸಿದ ಚಿತ್ತಾರ, ಸುತ್ತ ಹುಲ್ಲುಗಾವಲು, ಅದರ ಮೇಲೆ 3,000 ಮೀಟರ್ ದಾಟಿದ ಬೆಟ್ಟಗಳು. ಈ ಊರಿನವರು 2017ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿ, ಕೈ ಎತ್ತಿ, ಒಂದು ಕಾನೂನು ಮಾಡಿದರು. ಊರಿನ ಫೋಟೋ ತೆಗೆಯುವಂತಿಲ್ಲ. ತೆಗೆದರೆ 5 ಫ್ರಾಂಕ್ ದಂಡ. ಆಗಿನ ಲೆಕ್ಕದಲ್ಲಿ 300 ಚಿಲ್ಲರೆ ರೂಪಾಯಿ.

ಯಾಕೆ? ಊರು ಅಷ್ಟು ಚೆನ್ನಾಗಿದೆ. ಫೋಟೋ ನೋಡಿದವರಿಗೆ, ಅಯ್ಯೋ ನಾನು ಅಲ್ಲಿಲ್ಲವಲ್ಲ ಅಂತ ಬೇಜಾರಾಗುತ್ತದೆ. ಬೇರೆಯವರ ಮನಸ್ಸು ನೋಯಿಸಬಾರದು, ಅದಕ್ಕೇ.

ಇಂಥ ಪಂಚಾಯಿತಿ ಎಲ್ಲಾದರೂ ಉಂಟಾ? ಸಾವಿರಾರು ಮೈಲಿ ಆಚೆ, ಬೆಂಗಳೂರಿನ ಎರಡನೇ ಮಹಡಿಯಲ್ಲಿ, ಕರೆಂಟ್ ಹೋದ ರಾತ್ರಿ, ಹೆಂಡತಿಯ ಅಕ್ಕನ ಗಂಡನ ಫೋಟೋ ನೋಡುತ್ತಾ ಕೂರುವ ಒಬ್ಬ ಮನುಷ್ಯನ ಸಂಕಟ ಅವರಿಗೆ ಅರ್ಥವಾಗಿತ್ತು. ಪ್ರವಾಸೋದ್ಯಮ ಕಚೇರಿಯವರು ತಮ್ಮ ವೆಬ್‌ಸೈಟಿನಲ್ಲಿದ್ದ ಊರಿನ ಫೋಟೋಗಳನ್ನೂ ಕಿತ್ತು ಹಾಕಿದರು. ಪ್ರಾಮಾಣಿಕತೆ ಅಂದರೆ ಹಾಗಿರಬೇಕು.

ಆಮೇಲೆ ಏನಾಯಿತು ಅಂತ ಹೇಳಬೇಕಾ? ಅದುವರೆಗೆ ಬೆರ್ಗ್ಯೂನ್ ಹೆಸರನ್ನೇ ಕೇಳದ ಪತ್ರಿಕೆಗಳೆಲ್ಲ ಅದರ ಸುದ್ದಿ ಹಾಕಿದವು. ಫೋಟೋ ತೆಗೆಯಬಾರದ ಊರು ಹೇಗಿದೆ ಅಂತ ತೋರಿಸಲು ಪಕ್ಕದಲ್ಲೇ ಫೋಟೋ ಹಾಕಿದವು! ಇದು ಕಾನೂನೋ ಜಾಹೀರಾತೋ ಅಂತ ಕೇಳಿದಾಗ, ಎರಡೂ ಸ್ವಲ್ಪ ಸ್ವಲ್ಪ ಅನ್ನುವ ಅರ್ಥದ ಉತ್ತರ ಬಂತು. ಕೆಲವೇ ದಿನದಲ್ಲಿ ವಿನಾಯಿತಿಯೂ ಸಿಕ್ಕಿತು. ದಂಡದ ರಸೀದಿ ಪುಸ್ತಕ ಅಚ್ಚಾಗಿತ್ತೋ ಇಲ್ಲವೋ. ನಮ್ಮಲ್ಲಾಗಿದ್ದರೆ ಮೊದಲು ಪುಸ್ತಕ ಅಚ್ಚಾಗುತ್ತಿತ್ತು, ಆಮೇಲೆ ಕಾನೂನು ಹುಡುಕುತ್ತಿದ್ದರು.

ಅದೇ ಪ್ರಾಂತ್ಯದಲ್ಲಿ ಓಬರ್‌ಮುಟನ್ ಅಂತ ಇನ್ನೊಂದು ಊರಿದೆ. 100 ಜನವೂ ಇಲ್ಲ. 2011ರಲ್ಲಿ ಅವರು ಬೇರೆ ದಾರಿ ಹಿಡಿದಿದ್ದರು. ಫೇಸ್‌ಬುಕ್‌ನಲ್ಲಿ ನಮ್ಮ ಊರನ್ನು ಲೈಕ್ ಮಾಡಿ, ನಿಮ್ಮ ಫೋಟೋ ಪ್ರಿಂಟ್ ಹಾಕಿಸಿ ನಮ್ಮ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ ಅಂದರು. ಅಂಟಿಸಿದರು ಕೂಡ. ಬೋರ್ಡ್ ತುಂಬಿತು. ಆಮೇಲೆ ಕೊಟ್ಟಿಗೆಯ ಗೋಡೆಗೆ ಹಚ್ಚಿದರು. ಅಂದರೆ ಒಂದು ಊರು ಲೋಕದ ಮೂತಿಯನ್ನೆಲ್ಲ ಗೋಡೆಗೆ ಅಂಟಿಸಿಕೊಂಡಿತು, ಆರು ವರ್ಷ ಬಿಟ್ಟು ಇನ್ನೊಂದು ಊರು ನಮ್ಮ ಮೂತಿ ತೆಗೀಬೇಡಿ ಅಂತು. ಎರಡಕ್ಕೂ ಬೇಕಾಗಿದ್ದು ಒಂದೇ: ಯಾರಾದ್ರೂ ಬನ್ರಪ್ಪಾ.

2017 ಅಂದರೆ ಮತ್ತೊಂದು ನೆನಪಾಗುತ್ತದೆ. ಅದೇ ವರ್ಷದ ಕೊನೆಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿತ್ತು: "ಸ್ವಿಟ್ಜರ್ಲೆಂಡಿನ ಈ ಹಳ್ಳಿಗೆ ಹೋಗಿ ಇದ್ದರೆ ಅವರೇ ದುಡ್ಡು ಕೊಡ್ತಾರೆ!!" ಊರು ಆಲ್ಬಿನೆನ್. ಸುದ್ದಿ ಸುಳ್ಳೇನಲ್ಲ. ಜನ ಖಾಲಿಯಾಗುತ್ತಿದ್ದ ಊರು. ದೊಡ್ಡವರಿಗೆ ತಲಾ 25,000 ಫ್ರಾಂಕ್, ಮಕ್ಕಳಿಗೆ ತಲಾ 10,000. ನಮ್ಮ ಚಿಕ್ಕಪ್ಪ ತಕ್ಷಣ ಕ್ಯಾಲ್ಕುಲೇಟರ್ ತೆಗೆದರು. ಗಂಡ, ಹೆಂಡತಿ, ಎರಡು ಮಕ್ಕಳು, ಒಟ್ಟು 70,000. ಹಸು ಕಟ್ಟೋಣ, ಚೀಸ್ ಮಾಡೋಣ ಅನ್ನುವವರೆಗೂ ಮಾತು ಹೋಯಿತು. ಚಿಕ್ಕಮ್ಮ "ಅಲ್ಲಿ ಕೊತ್ತಂಬರಿ ಸಿಗುತ್ತಾ" ಅಂತ ಕೇಳಿದರು. ಫಾರ್ವರ್ಡಿನಲ್ಲಿ ಇಲ್ಲದ ಷರತ್ತುಗಳು ಆಮೇಲೆ ಗೊತ್ತಾದವು. ವಯಸ್ಸು 45 ದಾಟಿರಬಾರದು. 2,00,000 ಫ್ರಾಂಕ್ ಹಾಕಿ ಮನೆ ಕಟ್ಟಬೇಕು ಅಥವಾ ಕೊಳ್ಳಬೇಕು. 10 ವರ್ಷದೊಳಗೆ ಬಿಟ್ಟು ಹೋದರೆ ದುಡ್ಡು ವಾಪಸ್. ಮೊದಲಿಗೆ ಆ ದೇಶದಲ್ಲಿ ಇರಲು ಪರವಾನಗಿ ಇರಬೇಕು. ಚಿಕ್ಕಪ್ಪನಿಗೆ ಆಗ 61. ಲೋಕದ ಎಲ್ಲ ಮೂಲೆಯ ಚಿಕ್ಕಪ್ಪಂದಿರೂ ಆ ಬಡಪಾಯಿ ಪಂಚಾಯಿತಿಗೆ ಬರೆದರಂತೆ. ಕೊನೆಗೆ, ಹೊರದೇಶದವರು ದಯವಿಟ್ಟು ಕೇಳಬೇಡಿ ಅಂತ ಅವರೇ ಕೈ ಮುಗಿಯಬೇಕಾಯಿತು.

ಇರಲಿ, ಬೆರ್ಗ್ಯೂನ್‌ಗೆ ವಾಪಸ್ ಬರೋಣ. ನಾನು ಅಲ್ಲಿಗೆ ಹೋಗಿಲ್ಲ. ಆದರೆ ಅಲ್ಲಿಯ ರೈಲನ್ನು ಹತ್ತಾರು ಸಲ ನೋಡಿದ್ದೇನೆ, ಚಾಲಕನ ಕಿಟಕಿಯಿಂದ ತೆಗೆದ ವಿಡಿಯೊದಲ್ಲಿ. ರಾತ್ರಿ ನಿದ್ದೆ ಬರದಾಗ ನೋಡುವುದು ಅದನ್ನೇ. ಬೆರ್ಗ್ಯೂನ್‌ನಿಂದ ಮುಂದಿನ ಪ್ರೆಡಾಕ್ಕೆ ಕಾಗೆ ಹಾರಿದರೆ ಸುಮಾರು 5 ಕಿಲೋಮೀಟರ್. ಏರಬೇಕಾದ್ದು 416 ಮೀಟರ್. ನೇರ ಹತ್ತಿದರೆ ರೈಲಿನ ಕೈಲಾಗುವುದಿಲ್ಲ. ಅದಕ್ಕೆ ಹಳಿಯನ್ನು ಜಿಲೇಬಿ ಹಿಂಡಿದ ಹಾಗೆ ಬೆಟ್ಟದ ಒಳಗೂ ಹೊರಗೂ ಸುತ್ತಿಸಿ 12 ಕಿಲೋಮೀಟರಿಗೂ ಜಾಸ್ತಿ ಮಾಡಿದ್ದಾರೆ. 1903ರಿಂದ ಓಡುತ್ತಿದೆ. ಊರು ಒಮ್ಮೆ ಎಡಕ್ಕೆ ಬರುತ್ತದೆ. ಸುರಂಗ. ಈಗ ಬಲಕ್ಕಿದೆ, ಸ್ವಲ್ಪ ಚಿಕ್ಕದಾಗಿದೆ. ಮತ್ತೆ ಸುರಂಗ. ಚರ್ಚಿನ ಗೋಪುರ ನಮ್ಮನ್ನು ಬೀಳ್ಕೊಡಲು ಬಂದು ಹೋಗಲಾರದೆ ನಿಂತ ನೆಂಟರ ಹಾಗೆ ಪದೇ ಪದೇ ಕಾಣುತ್ತದೆ. ಚಳಿಗಾಲದಲ್ಲಿ ಈ ಎರಡು ಊರಿನ ನಡುವಿನ ರಸ್ತೆಗೆ ವಾಹನ ಬಂದ್. ಜನ ರೈಲಿನಲ್ಲಿ ಮೇಲೆ ಹೋಗಿ ಜಾರುಬಂಡಿಯಲ್ಲಿ 6 ಕಿಲೋಮೀಟರ್ ಕೆಳಗೆ ಜಾರುತ್ತಾರೆ. ಮತ್ತೆ ರೈಲು, ಮತ್ತೆ ಜಾರು. ರಸ್ತೆಯನ್ನು ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಬಳಸಿದ್ದನ್ನು ನಾನಂತೂ ಕಂಡಿಲ್ಲ.

ಫೋಟೋ ನಿಷೇಧಿಸಿ ಐದು ವರ್ಷ ಆಗಿತ್ತು. 2022ರ ಅಕ್ಟೋಬರ್ 29ರಂದು ಅದೇ ಹಳಿಯ ಮೇಲೆ 100 ಬೋಗಿಗಳ ರೈಲು ಓಡಿಸಿದರು. 1.9 ಕಿಲೋಮೀಟರ್ ಉದ್ದ, ಗಿನ್ನೆಸ್ ದಾಖಲೆ. ಏಳು ಜನ ಚಾಲಕರು. ಎಲ್ಲಿಗೋ ಬೇಗ ತಲುಪಲಿಕ್ಕಲ್ಲ, ಸುಮ್ನೆ. ನೋಡಲಿಕ್ಕೆ. ಫೋಟೋ ತೆಗೆಯಲಿಕ್ಕೆ! ಆ ದಿನ ಅಲ್ಲಿ ಎದ್ದ ಕ್ಯಾಮೆರಾಗಳಿಗೆಲ್ಲ ತಲಾ 5 ಫ್ರಾಂಕ್ ಹಾಕಿದ್ದರೆ ಇನ್ನೊಂದು 100 ಬೋಗಿ ಕೊಳ್ಳಬಹುದಿತ್ತು.

ಅಂದ ಹಾಗೆ ಆಲ್ಪ್ಸ್‌ನಲ್ಲಿ ಚೆಲುವಿಗೆ ಐದೇ ರೇಟು ಅಂತ ಕಾಣುತ್ತದೆ. ಬ್ರಿಯೆಂಜ್ ಸರೋವರದ ದಂಡೆಯ ಇಸೆಲ್ಟ್‌ವಾಲ್ಡ್ ನೋಡಿ. ಒಂದು ಕೊರಿಯನ್ ಧಾರಾವಾಹಿಯ ನಾಯಕ ಅಲ್ಲಿ ನೀರಿನೊಳಗೆ ಚಾಚಿದ ಮರದ ಹಲಗೆಯ ಕಟ್ಟೆಯ ಮೇಲೆ ಕೂತು ಪಿಯಾನೊ ನುಡಿಸಿದ. ಅಷ್ಟೇ. 400 ಜನರ ಊರಿಗೆ ಬಸ್ಸಿನ ಮೇಲೆ ಬಸ್ಸು. ಪಿಯಾನೊ ಇಲ್ಲ, ನಾಯಕನೂ ಇಲ್ಲ, ಹಲಗೆ ಇದೆ. 2023ರಲ್ಲಿ ಆ ಹಲಗೆಗೆ ಗೇಟು ಹಾಕಿದರು, ಒಳಗೆ ಕಾಲಿಡಲು 5 ಫ್ರಾಂಕ್. ಇಟಲಿಯ ಡೊಲೊಮೈಟ್ಸ್‌ನ ಸೆಚೇಡಾದಲ್ಲಿ 2025ರ ಬೇಸಿಗೆಗೆ ಜಮೀನಿನವರೇ ಕಾಲುದಾರಿಗೆ ತಿರುಗು ಗೇಟು ಇಟ್ಟು 5 ಯೂರೋ ಇಸಿದುಕೊಂಡರು. ಹುಲ್ಲು ತುಳಿದು ಹಾಳು ಮಾಡುತ್ತಾರೆ, ಕಸ ಬಿಟ್ಟು ಹೋಗುತ್ತಾರೆ, ಸರ್ಕಾರದವರಾದರೂ ಏನಾದರೂ ಮಾಡಲಿ ಅಂತ ಅವರ ಸಿಟ್ಟು. ಗೇಟಿನ ಫೋಟೋ ಎಲ್ಲ ಕಡೆ ಓಡಾಡಿತು. ಗೇಟು ನೋಡಲಿಕ್ಕೆ ಇನ್ನಷ್ಟು ಜನ ಬಂದರು.

ಆಸ್ಟ್ರಿಯಾದ ಹಾಲ್‌ಸ್ಟಾಟ್‌ನವರು ಇವರೆಲ್ಲರಿಗಿಂತ ನೇರ. 800 ಜನ ಕೂಡ ಇಲ್ಲದ ಊರಿಗೆ ಜಾತ್ರೆಯಂಥ ದಿನಗಳಲ್ಲಿ 10,000 ಜನ ನುಗ್ಗುತ್ತಾರೆ. 2023ರಲ್ಲಿ ಎಲ್ಲರೂ ಸೆಲ್ಫಿ ತೆಗೆಯುವ ಜಾಗಕ್ಕೆ ಮರದ ಬೇಲಿ ಬಡಿದು ಬೆಟ್ಟವನ್ನೇ ಮರೆ ಮಾಡಿಬಿಟ್ಟರು. ಗಲಾಟೆಯಾಯಿತು, ಬೇಲಿ ತೆಗೆದರು. ನನಗೇನೋ ಬೇಲಿಯೇ ಸರಿ ಅನಿಸಿತು. ಆ ಊರಿನ ತದ್ರೂಪು ಚೀನಾದಲ್ಲಿದೆ, 2012ರಿಂದ. ಸೆಲ್ಫಿಗೆ ಅದು ಸಾಕು. ಹೇಗೂ ಹಿಂದೆ ಏನಿದೆ ಅಂತ ನೋಡುವವರು ಯಾರು? ಕಿವಿಗೂ ಭುಜಕ್ಕೂ ನಡುವೆ ಎರಡಿಂಚು ತಾನೆ.

ಇಷ್ಟು ಹೊತ್ತು ನಕ್ಕೆ. ಇನ್ನು ನಗುವುದು ಕಷ್ಟ.

ಬೆರ್ಗ್ಯೂನ್ ಇರುವ ಅದೇ ಅಲ್ಬುಲಾ ಕಣಿವೆಯಲ್ಲಿ ಕೆಳಗೆ ಬ್ರಿಯೆಂಜ್ ಅಂತಲೇ ಹೆಸರಿನ ಇನ್ನೊಂದು ಪುಟ್ಟ ಊರಿದೆ. ಅದರ ಬೆನ್ನ ಹಿಂದಿನ ಬೆಟ್ಟ ಜಾರುತ್ತಿದೆ, ಊರು ನಿಂತ ನೆಲವೂ ಜಾರುತ್ತಿದೆ. 2023ರ ಮೇ ತಿಂಗಳಲ್ಲಿ ಎಲ್ಲರನ್ನೂ ಖಾಲಿ ಮಾಡಿಸಿದರು. ಜೂನ್‌ನಲ್ಲಿ ಒಂದು ರಾತ್ರಿ ಬೆಟ್ಟ ಇಳಿದು ಬಂದು ಶಾಲೆಯ ಹತ್ತಿರ ನಿಂತಿತು. ಜನ ವಾಪಸ್ ಬಂದರು. 2024ರ ನವೆಂಬರ್‌ನಲ್ಲಿ ಮತ್ತೆ ಹೊರಡಿ ಅಂದರು. ಅಲ್ಲಿಗೆ ಯಾರೂ ದಂಡ ಹಾಕಲಿಲ್ಲ, ಗೇಟೂ ಇಡಲಿಲ್ಲ.

2025ರ ಮೇ 28. ಲೋಚೆಂಟಾಲ್ ಕಣಿವೆಯ ಬ್ಲಾಟನ್. ಆ ವಿಡಿಯೊ ನೀವೂ ನೋಡಿದ್ದೀರಿ. ಬೆಟ್ಟದಿಂದ ಬಂಡೆ ಉರುಳಿ ಉರುಳಿ ಬಿರ್ಚ್ ಹಿಮನದಿಯ ಮೇಲೆ ಬಿದ್ದವು. ಆ ಭಾರಕ್ಕೆ ಹಿಮನದಿಯೇ ಕಿತ್ತುಕೊಂಡು ಬಂತು. ನೂರಾರು ವರ್ಷದ ಊರು, ನೂರಕ್ಕೆ 90 ಪಾಲು ಮಣ್ಣಿನಡಿ. ಉಳಿದ ಮನೆಗಳಲ್ಲಿ ಹೆಚ್ಚಿನವನ್ನು ಕಟ್ಟಿನಿಂತ ಹೊಳೆ ಮುಳುಗಿಸಿತು. 300 ಜನರನ್ನು ಒಂಬತ್ತು ದಿನ ಮೊದಲೇ ಹೊರಗೆ ಕರೆತಂದಿದ್ದರು, ಹಸುಗಳನ್ನೂ ಬಿಡಲಿಲ್ಲ. ಆ ಒಂದು ಕೆಲಸಕ್ಕೆ ಆ ದೇಶಕ್ಕೆ ನಿಜವಾಗಿ ಕೈ ಮುಗಿಯಬೇಕು. ಆದರೂ ಒಬ್ಬರು ತೀರಿಕೊಂಡರು.

ನಮ್ಮ ಗ್ರೂಪಿಗೂ ಆ ವಿಡಿಯೊ ಬಂತು. ಮೇಲೆ ಒಂದು ಗುಡ್ ಮಾರ್ನಿಂಗ್ ಗುಲಾಬಿ, ಕೆಳಗೆ ಒಂದು ಹುಟ್ಟುಹಬ್ಬದ ಕೇಕು. ಮಧ್ಯದಲ್ಲಿ ಒಂದು ಊರು ಹೋಯಿತು. ಮೂರು ಅಳುವ ಮುಖ, ನಾಲ್ಕು ನಮಸ್ಕಾರ.

ಫೋಟೋ ನೋಡಿದರೆ ಬೇಜಾರಾಗುತ್ತದೆ ಅಂತ ಕಾನೂನು ಮಾಡಿದ ನಾಡು ಅದು, ಹಾಗಾದರೆ ಹಿಮ ಕರಗುವುದಕ್ಕೆ ಕಾನೂನಿಲ್ಲವಾ? ಇದೆ. 2023ರಲ್ಲಿ ಇಡೀ ದೇಶ ಮತ ಹಾಕಿ ಒಪ್ಪಿತು. 2050ಕ್ಕೆ ಹೊಗೆ ಲೆಕ್ಕ ಸೊನ್ನೆಗೆ ತರುತ್ತೇವೆ ಅಂತ. ಬಹಳ ಒಳ್ಳೆಯದು. ಆದರೆ 2022 ಮತ್ತು 2023, ಈ ಎರಡೇ ವರ್ಷದಲ್ಲಿ ಅಲ್ಲಿಯ ಹಿಮನದಿಗಳು ತಮ್ಮ ನೂರಕ್ಕೆ 10 ಪಾಲು ಕಳೆದುಕೊಂಡಿವೆ. ಬಿರುಕಿನೊಳಗೆ ಹೆಪ್ಪುಗಟ್ಟಿ ಬಂಡೆಗಳನ್ನು ಹಿಡಿದಿಟ್ಟ ಮಂಜು ಸಡಿಲವಾಗುತ್ತಿದೆ ಅಂತ ವಿಜ್ಞಾನಿಗಳು ಬಾಯಿ ನೋಯುವಷ್ಟು ಹೇಳಿದ್ದಾರೆ. ರೋನ್ ಹಿಮನದಿಯಲ್ಲಿ ಪ್ರವಾಸಿಗಳಿಗೆ ಅಂತ ಕೊರೆದ ಒಂದು ಮಂಜಿನ ಗವಿ ಇತ್ತು. ಅದು ಕರಗಬಾರದು ಅಂತ ಬೇಸಿಗೆ ಬಂದರೆ ಹಿಮದ ಮೇಲೆ ಬಿಳಿ ಹೊದಿಕೆ ಹಾಸುತ್ತಿದ್ದರು. ಮಂಜಿಗೆ ಕಂಬಳಿ! ಒಳಗೆ ಹೋಗಲು ಟಿಕೆಟ್. ಫೋಟೋದಲ್ಲಿ ಅದನ್ನು ನೋಡಿದಾಗ ಯಾಕೋ ಆಸ್ಪತ್ರೆಯಲ್ಲಿ ಮುಖದವರೆಗೆ ಹೊದಿಸಿದ ಬಟ್ಟೆ ನೆನಪಾಯಿತು. ಜೋಕು ಮಾಡಲು ಹೊರಟಿದ್ದೆ, ಆಗಲಿಲ್ಲ. ನನಗೂ ಸಾಕಾಗಿದೆ. ಕಂಬಳಿ ಹೊದಿಸುವವರು ಅವರು, ವಿಮಾನ ಹತ್ತಿ ಅದನ್ನು ನೋಡಲು ಹೋಗುವವರು ನಾವು, ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಮುಂದಿನ ವರ್ಷಕ್ಕೆ ಬುಕಿಂಗ್ ಶುರುವಾಗಿದೆ, ಅಡ್ವಾನ್ಸ್ ಕೊಟ್ಟವರಿಗೆ ಡಿಸ್ಕೌಂಟು.

ಭಾನುವಾರ ಷಡ್ಡಕರು ಮನೆಗೆ ಬಂದರು. ಕಾಲು ಊದಿತ್ತು, ಮುಖ ಸಿಪ್ಪೆ ಎದ್ದಿತ್ತು. ಕೈಗೆ ಟೋಬ್ಲರೋನ್ ಚಾಕಲೇಟಿನ ಉದ್ದನೆ ಪೊಟ್ಟಣ ಕೊಟ್ಟರು.

"ತಗೊಳ್ಳಿ ಷಡ್ಡಕರೇ, ಮ್ಯಾಟರ್‌ಹಾರ್ನ್. ಬೆಟ್ಟ ನೋಡಿ, ಮೇಲೇ ಇದೆ."

"ಅದು ಮ್ಯಾಟರ್‌ಹಾರ್ನ್ ಅಲ್ಲ" ಅಂದೆ. "2023ರಲ್ಲಿ ತೆಗೆದ್ರು. ಸ್ವಲ್ಪ ಭಾಗ ಸ್ಲೊವಾಕಿಯಾದಲ್ಲಿ ಮಾಡ್ತಾರಲ್ಲ, ಅದಕ್ಕೆ ಸ್ವಿಸ್ ಬೆಟ್ಟದ ಚಿತ್ರ ಹಾಕೋ ಹಾಗಿಲ್ಲವಂತೆ. ಅಲ್ಲಿ ಹಾಗೆ ಕಾನೂನಿದೆ."

ಅವರು ಪೊಟ್ಟಣ ವಾಪಸ್ ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಹಾಗಾದ್ರೆ ಇದು ಯಾವ ಬೆಟ್ಟ?"

"ಯಾವುದೂ ಅಲ್ಲ. ಸುಮ್ನೆ ಒಂದು ಬೆಟ್ಟ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜೇಬಿನಿಂದ ಫೋನ್ ತೆಗೆದು, "ಸ್ವಲ್ಪ ಬೆಳಕಿಗೆ ಹಿಡೀರಿ" ಅಂದರು.