ಎಸ್ಟಿಮೇಟ್ ಇಲ್ಲದ ಇಟಲಿ

2009ರಲ್ಲಿ ಬಂದ ‘ಅಸ್ಯಾಸಿನ್ಸ್ ಕ್ರೀಡ್’ ವಿಡಿಯೋ ಗೇಮಿನ ಎರಡನೇ ಭಾಗಕ್ಕೆ ವಿಮರ್ಶಕರು 100ಕ್ಕೆ 90ರ ಆಸುಪಾಸು ಅಂಕ ಕೊಟ್ಟು ಮೆರೆಸಿದರು. ಬೀದರಿನಲ್ಲಿ ಮಾತ್ರ ಆ ಆಟ ಫೇಲಾಗಿದೆ. ಫೇಲು ಮಾಡಿದವರು ನಮ್ಮ ಓಣಿಯ ಗುತ್ತೇದಾರ ಕಾಕಾ. ಹಳೇ ಕಟ್ಟಡಗಳ ಸುತ್ತ ಫುಟ್‌ಪಾತು, ತಂತಿಬೇಲಿ, ಸ್ವಾಗತ ಕಮಾನು ಹಾಕಿಸುತ್ತಲೇ ಕೂದಲು ಬೆಳ್ಳಗಾದವರು. ರಜೆಗೆ ಬಂದ ಅಣ್ಣನ ಮಗ ಆಡುವಾಗ ಪಕ್ಕದಲ್ಲಿ ಕೂತು ಎರಡೂ ಭಾಗ ನೋಡಿ ಮುಗಿಸಿದ್ದಾರೆ.

2007ರ ಮೊದಲ ಭಾಗದ ಮೇಲೆ ವಿಮರ್ಶಕರ ದೊಡ್ಡ ದೂರು ಏನಿತ್ತೆಂದರೆ, ಜೆರುಸಲೇಮಿಗೆ ಹೋದರೂ ಡಮಾಸ್ಕಸ್ಸಿಗೆ ಹೋದರೂ ಅದೇ ಗೋಪುರ ಹತ್ತಬೇಕು, ಅದೇ ಜೇಬಿಗೆ ಕೈಹಾಕಬೇಕು, ಮರೆಯಲ್ಲಿ ನಿಂತು ಅದೇ ಮಾತು ಕೇಳಬೇಕು. ಎರಡನೇ ಭಾಗ ಇದನ್ನು ತಿದ್ದಿಕೊಂಡಿತು ಎಂದೇ ಅಷ್ಟೊಂದು ಹೊಗಳಿಕೆ. ಕಾಕಾಗೆ ಬಗೆಹರಿಯದ್ದು ಇದೇ.

“ಅದೇ ಕೆಲಸ ತಿರುಗಿ ತಿರುಗಿ ಬಂದ್ರ ತಪ್ಪು ಹ್ಯಾಂಗ ಆಗ್ತದ? ಹಾಕಿದ ಕಲ್ಲೇ ಕಿತ್ತಿ ಹಾಕ್ತೀವಿ, ಕಿತ್ತಿದ್ದೇ ಮತ್ತ ಹಾಕ್ತೀವಿ. ಯಾವ ವಿಮರ್ಶಕ ಬಂದು ಕೇಳ್ಯಾನ? ಮೊದಲನೇ ಭಾಗನೇ ಛಲೋ ಅದ.”

ಕಾಕಾಗೆ ತಡೆಯಲಾರದ ಸಿಟ್ಟು ಬಂದದ್ದು ಎರಡನೇ ಭಾಗದಲ್ಲಿ ಬರುವ ಇಟಲಿಯ ಮೊಂಟೆರಿಜ್ಜೋನಿಯಲ್ಲಿ. ನಾಯಕ ಎಜಿಯೊನ ಕಾಕಾ ಮಾರಿಯೋ ಇರುವ ಕೋಟೆಯೂರು ಅದು, ಪಾಳುಬಿದ್ದಿದೆ. ಎಜಿಯೊ ಕಾಸು ಕೊಡುತ್ತಾನೆ, ಅಂಗಡಿ, ಬಾವಿ, ಚರ್ಚು ರಿಪೇರಿಯಾಗುತ್ತವೆ, ಊರು ಚೇತರಿಸಿಕೊಂಡಷ್ಟೂ ಪೆಟ್ಟಿಗೆಗೆ ಆದಾಯ ಬಂದು ಬೀಳುತ್ತದೆ. ಟೆಂಡರ್ ಇಲ್ಲ, ಶಂಕುಸ್ಥಾಪನೆ ಇಲ್ಲ, ಶಾಮಿಯಾನ ಇಲ್ಲ, ಹಾರಕ್ಕೆ ಕೊರಳೊಡ್ಡುವವರಂತೂ ಇಲ್ಲವೇ ಇಲ್ಲ. “ಕೊಟ್ಟ ರೊಕ್ಕ ಪೂರಾ ಗ್ವಾಡಿಗೇ ಹೋಯ್ತೇನು?” ಎಂದು ಕಾಕಾ ಹುಡುಗನನ್ನು ಎರಡು ಸಲ ಕೇಳಿದರಂತೆ. ಹೌದು ಎಂದಾಗ, “ಇದು ಇತಿಹಾಸ ಅಲ್ಲ, ಪುರಾಣ” ಅಂದರು.

2010ರಲ್ಲಿ ಬಂದ ಕಂಪ್ಯೂಟರ್ ಆವೃತ್ತಿ ಇಂಟರ್ನೆಟ್ ಕಡಿದರೆ ನಿಂತುಬಿಡುತ್ತಿತ್ತು, ಕಂಪನಿಯ ಸರ್ವರೇ ಕೈಕೊಟ್ಟು ಜನ ಬೈದಿದ್ದರು. ಅದೊಂದಕ್ಕೆ ಕಾಕಾ ಪೂರ್ಣ ಅಂಕ ಕೊಟ್ಟಿದ್ದಾರೆ. ಆಫೀಸು ಕಂಡ ಮನುಷ್ಯ ಮಾಡಿದ್ದು ಅಂತ.

ಕಥೆಯಾದರೂ ಮೆಚ್ಚಿಗೆಯಾಯಿತೇ? 1478ರ ಫ್ಲಾರೆನ್ಸ್, ಊರನ್ನಾಳುತ್ತಿದ್ದ ಮೆಡಿಚಿಗಳ ವಿರುದ್ಧ ಪಾಟ್ಸಿ ಮನೆತನದ ಪಿತೂರಿ. ನಾನು ಸುಮ್ಮನಿರದೆ, ಮೂರೇ ವರ್ಷದ ಮೇಲೆ ನಮ್ಮ ಬೀದರಿನ ಕಥೆಯಲ್ಲೂ ಅಂಥದೇ ನಡೆಯಿತಲ್ಲ ಕಾಕಾ, ಎಂದೆ. 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗಾವಾನನ ಮುದ್ರೆಯನ್ನು ಆಗದವರು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ಬರೆದ ದ್ರೋಹದ ಪತ್ರ ಮಾಡಿ ಸುಲ್ತಾನನ ಮುಂದಿಟ್ಟರು. 1481ರಲ್ಲಿ ಗಾವಾನನ ತಲೆ ಹೋಯಿತು. ಆಮೇಲೆ ಸುಲ್ತಾನ ಅತ್ತ.

ಕಾಕಾ ಚಹಾ ಬಸಿಗೆ ಸುರಿದುಕೊಂಡರು. “ಖಾಲಿ ಕಾಗದದ ಮ್ಯಾಲ ಮುದ್ರಿ ಒತ್ತಿಸ್ಕೊಂಡ್ರು. ಇದರಾಗ ಪಿತೂರಿ ಏನದ ತಮ್ಮಾ? ಕೆಲಸದ ಅಳತಿ ಬರಿಯೋ ಎಂ.ಬಿ. ಪುಸ್ತಕ ಖಾಲಿ ಇದ್ದಾಗ್ಲೇ ಅದಕ್ಕ ನಾವು ಸಹಿ ಮಾಡಿಸ್ಕೊಳ್ಳಲ್ಲೇನು?”

ಬೀದರನ್ನೇ ಆಟ ಮಾಡಿದರೆ ಹೇಗೆ ಎಂಬುದು ಹುಡುಗನ ಆಸೆ. ಮದರಸಾದಲ್ಲಿ ಉಳಿದಿರುವ ಒಂಟಿ ಮಿನಾರು ಹತ್ತುವುದು, ಊರೆಲ್ಲ ನೋಡುವುದು, ಎಜಿಯೊನ ಹಾಗೆ ಮೇಲಿಂದ ಹಾರಿ ಹುಲ್ಲಿನ ಗಾಡಿಯೊಳಗೆ ಬೀಳುವುದು.

ಕಾಕಾ ಗಾಬರಿಯಾಗಿ ಅವನ ಕೈ ಹಿಡಿದುಕೊಂಡರು. “ಹಾರಬ್ಯಾಡಪ್ಪೋ! ಹುಲ್ಲಿನ ಗಾಡಿ ಎಸ್ಟಿಮೇಟ್‌ನ್ಯಾಗ ಇರ್ತದ, ಬಿಲ್ಲಿನ್ಯಾಗೂ ಇರ್ತದ. ಕೆಳಗ ಇರಲ್ಲ.”